ಕಣ್ಣಿನ ಹನಿ ಹಾಲಿನಂತೆ ಬಿಳಿಯಾಗಿದ್ದರೆ ಅದು ನಕಲಿಯೇ? ಹರಳುಗಳನ್ನು ಓದಿದ ಪರ್ಸಿ ಜೂಲಿಯನ್ ಕತೆ

ಕಲ್ಯಾಣ ನಗರದ ಓದುಗರೊಬ್ಬರು ನಮಗೆ ಒಂದು ಫೋಟೊ ಕಳಿಸಿದ್ದರು. ಸ್ಟೀಲ್ ಚಮಚದಲ್ಲಿ ಎರಡು ಹನಿ: ಒಂದು ನೀರಿನಂತೆ ತಿಳಿ, ಇನ್ನೊಂದು ಹಾಲಿನಂತೆ ಬಿಳಿ. ಅವರ ಅಮ್ಮನಿಗೆ ಕಣ್ಣಿನ ಪೊರೆ ಆಪರೇಷನ್ ಆಗಿದೆ. ಬಿಳಿ ಹನಿ ನಕಲಿ ಔಷಧ ಎಂಬ ಫಾರ್ವರ್ಡ್ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ನೋಡಿದ ಅಮ್ಮ ಎರಡು ದಿನದಿಂದ ಅದನ್ನು ಹಾಕಿಕೊಳ್ಳುವುದನ್ನೇ ಬಿಟ್ಟಿದ್ದರು.

ಫಾರ್ವರ್ಡ್ ಸುಳ್ಳು. ಆ ಬಾಟಲಿಯಲ್ಲಿದ್ದದ್ದು ಪ್ರೆಡ್ನಿಸೊಲೋನ್ ಅಸಿಟೇಟ್ ಎಂಬ ಸ್ಟೀರಾಯ್ಡ್. ಅದು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಹಾಗಾಗಿ ಅದರ ಹರಳುಗಳನ್ನು ಕಣ್ಣಿಗೆ ಒತ್ತದಷ್ಟು ನುಣ್ಣಗೆ ಮಾಡಿ ದ್ರವದಲ್ಲಿ ತೇಲಿಬಿಟ್ಟಿರುತ್ತಾರೆ. ಲೇಬಲ್ ಮೇಲೆ ಸಸ್ಪೆನ್ಷನ್ ಎಂದಿರುತ್ತದೆ, ಚೆನ್ನಾಗಿ ಕುಲುಕಿ ಬಳಸಿ ಎಂದೂ ಇರುತ್ತದೆ. ಬಿಳಿ ಬಣ್ಣ ಆ ಹರಳುಗಳದ್ದೇ.

ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಕಣ್ಣಿನ ಔಷಧ, ಹರಳು ಎರಡೂ ಕೂಡಿದ ಒಂದು ಬದುಕಿದೆ, ಅದನ್ನು ಹೇಳದೆ ಬಿಡಲು ಮನಸ್ಸಾಗಲಿಲ್ಲ.

ಪರ್ಸಿ ಜೂಲಿಯನ್ ಹುಟ್ಟಿದ್ದು 1899ರಲ್ಲಿ, ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್ಗೊಮೆರಿಯಲ್ಲಿ. ತಾತ ಗುಲಾಮರಾಗಿದ್ದವರು. ಬರೆಯಲು ಕಲಿತ ತಪ್ಪಿಗೆ ಅವರ ಎರಡು ಬೆರಳು ಕತ್ತರಿಸಲಾಗಿತ್ತು ಎಂದು ಜೂಲಿಯನ್ ಹೇಳುತ್ತಿದ್ದರು. ಊರಿನಲ್ಲಿ ಕಪ್ಪು ಮಕ್ಕಳಿಗೆ ಎಂಟನೇ ತರಗತಿಯ ಆಚೆ ಸರ್ಕಾರಿ ಹೈಸ್ಕೂಲೇ ಇರಲಿಲ್ಲ. ಆದರೂ ಹುಡುಗ ಇಂಡಿಯಾನಾದ ಡಿಪಾ ವಿಶ್ವವಿದ್ಯಾಲಯ ಸೇರಿದ. ಬಿಳಿಯರ ಹಾಸ್ಟೆಲಿನಲ್ಲಿ ಜಾಗವಿಲ್ಲ. ವಿದ್ಯಾರ್ಥಿಗಳ ಮನೆಯೊಂದರಲ್ಲಿ ಊಟ ಬಡಿಸಿ, ಒಲೆಗೆ ಬೆಂಕಿ ಹಾಕಿ, ಅಟ್ಟದಲ್ಲಿ ಮಲಗಿ ಓದಿದ. 1920ರಲ್ಲಿ ತರಗತಿಗೇ ಮೊದಲಿಗನಾಗಿ ಹೊರಬಂದ. ಹಾರ್ವರ್ಡ್‌ನಲ್ಲಿ 1923ರಲ್ಲಿ ಎಂ.ಎ. ಆಯಿತು. ಆದರೆ ಬಿಳಿ ಹುಡುಗರು ಕಪ್ಪು ಮೇಷ್ಟರಿಂದ ಪಾಠ ಕೇಳಲು ಒಪ್ಪಲಾರರೆಂದು ಅಲ್ಲಿ ಪಾಠ ಹೇಳುವ ಕೆಲಸ ಸಿಗಲಿಲ್ಲ. ಕೊನೆಗೆ ಪಿಎಚ್‌.ಡಿ. ಸಿಕ್ಕಿದ್ದು ಸಮುದ್ರದಾಚೆಯ ವಿಯೆನ್ನಾದಲ್ಲಿ, 1931ರಲ್ಲಿ.

ಈಗ ಕಣ್ಣಿಗೆ ಬರೋಣ. ಗ್ಲಾಕೋಮಾದಲ್ಲಿ ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡ ಹೆಚ್ಚಿ ನರ ಸಾಯುತ್ತಾ ಬರುತ್ತದೆ. ಹೋದ ದೃಷ್ಟಿ ಮರಳುವುದಿಲ್ಲ. 1870ರ ದಶಕದಿಂದ ಇದಕ್ಕೆ ಒಂದು ಹನಿ ಇತ್ತು: ಪಶ್ಚಿಮ ಆಫ್ರಿಕಾದ ಕಲಬಾರ್ ಬೀಜದಿಂದ ತೆಗೆದ ಫೈಸೊಸ್ಟಿಗ್ಮಿನ್. ಆರೋಪಿಗೆ ತಿನ್ನಿಸಿ, ಬದುಕಿದರೆ ನಿರಪರಾಧಿ, ಸತ್ತರೆ ಅಪರಾಧಿ ಎನ್ನುತ್ತಿದ್ದ ವಿಷದ ಬೀಜ ಅದು. ಹನಿಯಾಗಿ ಹಾಕಿದರೆ ಪಾಪೆ ಕಿರಿದಾಗಿ, ಒಳಗಿನ ದ್ರವ ಹರಿದುಹೋಗಲು ದಾರಿಯಾಗಿ ಒತ್ತಡ ಇಳಿಯುತ್ತಿತ್ತು.

ಈ ಔಷಧಕ್ಕೆ ಒಂದು ಕೆಟ್ಟ ಗುಣವಿತ್ತು. ನೀರಿನಲ್ಲಿ ಕರಗಿಸಿಟ್ಟರೆ ಗಾಳಿ, ಬೆಳಕು ತಾಗಿ ಕೆಂಪಗಾಗಿ ಸತ್ವ ಕಳೆದುಕೊಳ್ಳುತ್ತಿತ್ತು. ಅದರ ಸಲ್ಫೇಟ್ ರೂಪ ಗಾಳಿಯ ತೇವ ಹೀರಿ ತಾನೇ ನೀರಾಗುತ್ತದೆ. ಅದೇ ಔಷಧವನ್ನು ಸ್ಯಾಲಿಸಿಲೇಟ್ ಲವಣವಾಗಿ ಹರಳುಗಟ್ಟಿಸಿದರೆ ಒಣಗಿ ನಿಲ್ಲುತ್ತದೆ. ಔಷಧ ಒಂದೇ, ಹರಳು ಬೇರೆ, ಬಾಳಿಕೆ ಬೇರೆ. ಬೆಲ್ಲ ಮಳೆಗಾಲದಲ್ಲಿ ಜಿನುಗುತ್ತದೆ, ಕಲ್ಲುಸಕ್ಕರೆ ಜಿನುಗುವುದಿಲ್ಲ, ಹೆಚ್ಚುಕಡಿಮೆ ಹಾಗೆ.

1932ರಲ್ಲಿ ಡಿಪಾಗೆ ಮರಳಿದ ಜೂಲಿಯನ್, ವಿಯೆನ್ನಾದ ಗೆಳೆಯ ಜೋಸೆಫ್ ಪಿಕ್ಲ್ ಜೊತೆ ಈ ಔಷಧವನ್ನು ಬೀಜವಿಲ್ಲದೆ ಪ್ರಯೋಗಾಲಯದಲ್ಲಿ ಕಟ್ಟಲು ಹೊರಟರು. ಅದೇ ದಾರಿಯಲ್ಲಿ ಆಕ್ಸ್‌ಫರ್ಡ್‌ನ ರಾಬರ್ಟ್ ರಾಬಿನ್ಸನ್ ಮುಂದಿದ್ದರು. ಅವರು ಮುಂದೆ ನೊಬೆಲ್ ಪಡೆದವರು. ಕೊನೆಯ ಹಂತಕ್ಕೆ ಮುಂಚಿನ ವಸ್ತುವನ್ನು ತಾವು ತಯಾರಿಸಿದ್ದಾಗಿ ರಾಬಿನ್ಸನ್ ಪ್ರಕಟಿಸಿದ್ದರು. ಜೂಲಿಯನ್ ಮಾಡಿದ ವಸ್ತುವಿನ ಗುಣ ಅದಕ್ಕೆ ಹೊಂದಲಿಲ್ಲ. ಇಬ್ಬರಲ್ಲಿ ಒಬ್ಬರು ತಪ್ಪು!

ಆಗ ಇಂದಿನಂಥ ಯಂತ್ರಗಳಿರಲಿಲ್ಲ. ಶುದ್ಧ ಹರಳು ಒಂದು ನಿರ್ದಿಷ್ಟ ಉಷ್ಣಾಂಶದಲ್ಲೇ ಕರಗುತ್ತದೆ, ಬೆರಕೆಯಿದ್ದರೆ ಸಾಮಾನ್ಯವಾಗಿ ಅದಕ್ಕೂ ಮೊದಲೇ. ತೀರ್ಪು ಕೊಡುತ್ತಿದ್ದದ್ದು ಆ ಕರಗುವ ಬಿಂದು. ಎಳೆಯ ಕಪ್ಪು ಸಂಶೋಧಕ ಆಕ್ಸ್‌ಫರ್ಡ್ ಪ್ರೊಫೆಸರ್‌ದು ತಪ್ಪೆಂದು ಅಚ್ಚಿನಲ್ಲಿ ಬರೆದ. ತನ್ನದೇ ತಪ್ಪಾಗಿದ್ದರೆ ಬಾಳೇ ಮುಗಿದಂತೆ. 1935ರಲ್ಲಿ ಬೀಜದ ಹರಳು, ಲ್ಯಾಬಿನ ಹರಳು ಎರಡೂ ಒಂದೇ ಉಷ್ಣಾಂಶದಲ್ಲಿ ಕರಗಿದವು.

ಆದರೂ ಡಿಪಾ ಅವರನ್ನು ಪ್ರೊಫೆಸರ್ ಮಾಡಲಿಲ್ಲ. 1936ರಲ್ಲಿ ಗ್ಲಿಡನ್ ಕಂಪನಿ ಷಿಕಾಗೋದಲ್ಲಿದ್ದ ತನ್ನ ಸೋಯಾ ಸಂಶೋಧನೆಯ ಮುಖ್ಯಸ್ಥರನ್ನಾಗಿ ಕರೆಯಿತು. ಬಣ್ಣದ ಕಂಪನಿಯಲ್ಲಿ ಔಷಧ ತಜ್ಞ! 1940ರಲ್ಲಿ ಅಲ್ಲಿನ ದೊಡ್ಡ ಸೋಯಾ ಎಣ್ಣೆ ಟ್ಯಾಂಕಿಗೆ ನೀರು ನುಗ್ಗಿ, ಎಣ್ಣೆಯಲ್ಲಿ ಬಿಳಿ ಗಷ್ಟು ಕಟ್ಟಿತು. ಬೇರೆಯವರಿಗೆ ಅದು ಹಾಳಾದ ಎಣ್ಣೆ. ಕಲಬಾರ್ ಬೀಜದ ಎಣ್ಣೆಯಲ್ಲಿ ಇಂಥದೇ ಹರಳು ಕಂಡಿದ್ದ ಜೂಲಿಯನ್‌ಗೆ ಗುರುತು ಸಿಕ್ಕಿತು: ಸ್ಟಿಗ್ಮಾಸ್ಟೆರಾಲ್. ಅದರಿಂದ ಪ್ರೊಜೆಸ್ಟರೋನ್ ಹಾರ್ಮೋನನ್ನು ದೊಡ್ಡ ಪ್ರಮಾಣದಲ್ಲಿ ಮಾಡುವುದು ಸಾಧ್ಯವಾಯಿತು.

ಇಲ್ಲಿ ಒಂದು ತಿದ್ದುಪಡಿ. ಜೂಲಿಯನ್ ಕಾರ್ಟಿಸೋನ್ ಕಂಡುಹಿಡಿದರು ಎಂದು ಎಷ್ಟೋ ಕಡೆ ಬರೆದಿರುತ್ತಾರೆ. ಅದು ನಿಜವಲ್ಲ. ಅವರು 1949ರಲ್ಲಿ ಕಾರ್ಟಿಸೋನ್‌ಗೆ ತೀರಾ ಹತ್ತಿರದ, ಎಸ್ ಎಂದು ಕರೆಯುತ್ತಿದ್ದ ಸ್ಟೀರಾಯ್ಡನ್ನು ಅಗ್ಗವಾಗಿ ತಯಾರಿಸುವ ದಾರಿ ಮಾಡಿದರು. ಉಳಿದ ಒಂದು ಹೆಜ್ಜೆಯನ್ನು ಬೂಷ್ಟಿನಂಥ ಸೂಕ್ಷ್ಮಜೀವಿಗಳಿಂದ ಮಾಡಿಸಿದ್ದು ಬೇರೆ ಕಂಪನಿಗಳು. ಇಂಥ ಹಲವು ಕೈಗಳಿಂದ ದುಬಾರಿ ಸ್ಟೀರಾಯ್ಡ್ ಅಗ್ಗವಾಯಿತು. ಚಮಚದಲ್ಲಿದ್ದ ಪ್ರೆಡ್ನಿಸೊಲೋನ್ ಇದೇ ಬಳಗದ್ದು.

1950ರಲ್ಲಿ ಅಲ್ಲಿನ ಪತ್ರಿಕೆ ಅವರನ್ನು ವರ್ಷದ ಷಿಕಾಗೋ ನಿವಾಸಿ ಎಂದು ಗೌರವಿಸಿತು. ಅದೇ ವರ್ಷ ಓಕ್ ಪಾರ್ಕ್‌ನಲ್ಲಿ ಅವರು ಕೊಂಡ ಮನೆಗೆ, ಸಂಸಾರ ಕಾಲಿಡುವ ಮೊದಲೇ, ಬೆಂಕಿ ಹಚ್ಚುವ ಯತ್ನ ನಡೆಯಿತು. ಮರುವರ್ಷ ಡೈನಮೈಟ್ ಎಸೆದರು. ತಂದೆ ಮಗ ಬಂದೂಕು ಹಿಡಿದು ಮರದ ಮೇಲೆ ಕೂತು ರಾತ್ರಿ ಕಾವಲು ಕಾದದ್ದನ್ನು ಮಗ ಮುಂದೆ ನೆನಪಿಸಿಕೊಂಡಿದ್ದಾರೆ. ಅವರು ಊರು ಬಿಡಲಿಲ್ಲ. ಸ್ವಂತ ಕಂಪನಿ ಕಟ್ಟಿದರು, ಮಾರಿದರು, 1973ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದರು, 1975ರಲ್ಲಿ ತೀರಿಕೊಂಡರು.

ಕಲ್ಯಾಣ ನಗರದ ಬಾಟಲಿಗೆ ಮರಳಿದರೆ, ಅದರ ಹರಳುಗಳೂ ಶಿಸ್ತಿನಲ್ಲಿರಬೇಕು. ಅವು ಬೆಳೆದರೆ ಕಣ್ಣಿಗೆ ಒತ್ತುತ್ತವೆ, ಅಂಟಿಕೊಂಡರೆ ಕುಲುಕಿದರೂ ಬಿಡುವುದಿಲ್ಲ. ಆದ್ದರಿಂದಲೇ ಫ್ರೀಜರ್‌ನಲ್ಲಿ ಇಡಬಾರದು. ಕುಲುಕದೆ ಹಾಕಿದರೆ ಮೊದಲು ಬರೀ ನೀರು, ಕೊನೆಗೆ ಗಟ್ಟಿ ಔಷಧ ಬೀಳಬಹುದು. ಬಿಳಿ ಹನಿಯೆಲ್ಲ ಸರಿ ಎಂದೂ ಅಲ್ಲ: ತಿಳಿಯಾಗಿರಬೇಕಾದ ಹನಿ ಮಸುಕಾದರೆ, ಬಣ್ಣ ತಿರುಗಿದರೆ, ಕುಲುಕಿದ ಮೇಲೂ ಗಂಟು ಉಳಿದರೆ ಹಾಕಬೇಡಿ, ಔಷಧದಂಗಡಿಯವರಿಗೆ ತೋರಿಸಿ.

ಇನ್ನೊಂದು ಮಾತು. ಮದ್ರಾಸ್ ಐ ಬಂದಾಗ ಮನೆಯಲ್ಲಿ ಉಳಿದ ಈ ಬಿಳಿ ಹನಿಯನ್ನೇ ಹಾಕಿಕೊಳ್ಳುವವರಿದ್ದಾರೆ. ಕೆಂಪು ಬೇಗ ಇಳಿಯುತ್ತದೆ, ನಿಜ. ಆದರೆ ಕೆಲವು ಸೋಂಕು ಉಲ್ಬಣಿಸುತ್ತದೆ. ವಾರಗಟ್ಟಲೆ ಹಾಕಿದರೆ ಕೆಲವರಿಗೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾವೇ ಬರಬಹುದು, ಅಂದರೆ ಜೂಲಿಯನ್ ಮೊದಲು ಕೈಹಾಕಿದ ಔಷಧ ಯಾವ ಕಾಯಿಲೆಗಿತ್ತೋ ಅದೇ.

ಓದುಗರ ಅಮ್ಮ ಡಾಕ್ಟರಿಗೆ ಫೋನ್ ಮಾಡಿ ವಿಚಾರಿಸಿ, ಹನಿ ಮತ್ತೆ ಶುರು ಮಾಡಿದ್ದಾರೆ. ಕುಲುಕಿಯೇ ಹಾಕಿಕೊಳ್ಳುತ್ತಾರಂತೆ.