ಶ್ರೀ ಆರ್. ಆರ್. ದಿವಾಕರ: ಯುದ್ಧಕಾಲದ ಪತ್ರಿಕೆ ಮತ್ತು ಸಂಪಾದಕರ ಹೊಣೆ

ಗುಡಗೇರಿ ಹಾಗೂ ಸುತ್ತಲಿನ ಗ್ರಾಮಗಳಿಂದ ನಿಯತಕಾಲಿಕೆ ಹೊರಡಿಸಲು ಇಚ್ಛಿಸುವ ಸಾರ್ವಜನಿಕರು, ಮುದ್ರಕರ ಮತ್ತು ಪ್ರಕಾಶಕರ ಹೆಸರನ್ನು ಏಕೆ ಘೋಷಿಸಬೇಕೆಂದು ವಿಚಾರಿಸುವುದುಂಟು. ಅಚ್ಚಾದ ಮಾತಿಗೆ ಉತ್ತರ ಕೊಡುವವರು ಒಬ್ಬರಿರಬೇಕೆಂಬುದು 1867ರ ಮುದ್ರಣಾಲಯ ಮತ್ತು ಪುಸ್ತಕಗಳ ನೋಂದಣಿ ಅಧಿನಿಯಮದ ಕಾಲದಿಂದಲೂ ನಡೆದು ಬಂದ ನಿಯಮವಾಗಿರುತ್ತದೆ. ಆ ಹೊಣೆಯನ್ನು ಹೊತ್ತು ಸೆರೆಮನೆಗೆ ಹೋದವರೂ, ಮುಂದೆ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವರಾದವರೂ ಆದ ನಮ್ಮ ಜಿಲ್ಲೆಯ ಶ್ರೀ ರಂಗನಾಥ ರಾಮಚಂದ್ರ ದಿವಾಕರ ಅವರ ಜೀವನವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಶ್ರೀಯುತರು 1894ರ ಸೆಪ್ಟೆಂಬರ್ 30ರಂದು ಧಾರವಾಡದಲ್ಲಿ ಜನಿಸಿದರು. ಅಧ್ಯಾಪಕ ವೃತ್ತಿಯನ್ನು ತೊರೆದು ಅಸಹಕಾರ ಚಳವಳಿಗೆ ಧುಮುಕಿ, 1921ರಲ್ಲಿ 'ಕರ್ಮವೀರ' ವಾರಪತ್ರಿಕೆಯ ಸಂಪಾದಕರಾದರು. ಧಾರವಾಡದ ಗೋಲಿಬಾರಿನಲ್ಲಿ ಮೂವರು ಪ್ರಾಣ ಕಳೆದುಕೊಂಡುದೂ ಅದೇ ವರ್ಷ. ಪತ್ರಿಕೆಯ ಬರಹಗಳಿಗಾಗಿ ಅವರ ಮೇಲೆ ರಾಜದ್ರೋಹದ ಆಪಾದನೆ ಬಂದು ಕಾರಾಗೃಹ ಶಿಕ್ಷೆಯಾಯಿತು. ಪತ್ರಿಕೆಯ ಮೇಲೆ ಹೆಸರಿತ್ತು, ಹೆಸರಿದ್ದವರು ಶಿಕ್ಷೆ ಅನುಭವಿಸಿದರು. ಮುಂದೆ ಮೊಹರೆ ಹನುಮಂತರಾಯರು ಸಂಪಾದಕರಾಗಿ ಬೆಳೆಸಿದ 'ಸಂಯುಕ್ತ ಕರ್ನಾಟಕ' ಪತ್ರಿಕೆಯ ಹಿಂದೆಯೂ, ಲೋಕ ಶಿಕ್ಷಣ ಟ್ರಸ್ಟಿನ ಹಿಂದೆಯೂ ಅವರ ಶ್ರಮವಿತ್ತು.

1939ರ ಸೆಪ್ಟೆಂಬರಿನಲ್ಲಿ ಎರಡನೆಯ ಮಹಾಯುದ್ಧ ಆರಂಭವಾಗುತ್ತಲೇ ಭಾರತ ರಕ್ಷಣಾ ನಿಯಮಗಳು ಜಾರಿಗೆ ಬಂದವು. 1931ರ ಪತ್ರಿಕಾ ತುರ್ತು ಅಧಿಕಾರಗಳ ಅಧಿನಿಯಮದ ಮೇರೆಗೆ ಠೇವಣಿ ಕೇಳುವ ಪದ್ಧತಿ ಆಗಲೇ ಇದ್ದಿತು. ಚಂದಾ ಹಣದಿಂದಲೇ ನಡೆಯುವ ಸಣ್ಣ ಪತ್ರಿಕೆಯೊಂದರ ಜಮಾ-ಖರ್ಚಿನಲ್ಲಿ ಠೇವಣಿ ಮುಟ್ಟುಗೋಲಾಯಿತೆಂದರೆ ಪತ್ರಿಕೆ ಮುಚ್ಚಿತೆಂದೇ ಲೆಕ್ಕ. ಸೈನ್ಯದ ಚಲನವಲನ, ಹಡಗುಗಳ ಸಂಚಾರ ಇವುಗಳನ್ನು ಪ್ರಕಟಿಸಬಾರದೆಂಬುದಕ್ಕೆ ಯಾವ ಹೊಣೆಯುಳ್ಳ ಸಂಪಾದಕರೂ ತಕರಾರು ಮಾಡುವಂತಿರಲಿಲ್ಲ. ಆದರೆ ನಿರ್ಬಂಧವು ಅಷ್ಟಕ್ಕೇ ನಿಲ್ಲಲಿಲ್ಲ. 1940ರಲ್ಲಿ ಯುದ್ಧ ಪ್ರಯತ್ನಕ್ಕೆ ವಿರೋಧ ಹುಟ್ಟಿಸುವ ಬರಹಗಳ ಮೇಲೂ, 1942ರ ಆಗಸ್ಟಿನಲ್ಲಿ ಚಳವಳಿಯ ವರದಿಗಳ ಮೇಲೂ ಅದು ಚಾಚಿಕೊಂಡಿತು. 1943ರ ಬಂಗಾಳದ ಕ್ಷಾಮ ಕೂಡ ಮರೆಯಾಗಿಯೇ ಇರುತ್ತಿತ್ತೇನೋ. ಕಲಕತ್ತೆಯ 'ಸ್ಟೇಟ್ಸ್‌ಮನ್' ಪತ್ರಿಕೆ ಆಂಗ್ಲರದೇ ಆಗಿದ್ದರೂ ಆ ವರ್ಷದ ಆಗಸ್ಟಿನಲ್ಲಿ ಹಸಿದವರ ಛಾಯಾಚಿತ್ರಗಳನ್ನು ಅಚ್ಚು ಹಾಕಿದ್ದರಿಂದ ಲೋಕಕ್ಕೆ ತಿಳಿಯಿತು.

1942ರ ಆಗಸ್ಟ್ 9ರ ನಸುಕಿನಲ್ಲಿ ಮುಂಬಯಿಯಲ್ಲಿ ನಾಯಕರ ಬಂಧನವಾಯಿತು. ದಿವಾಕರರು ಬಂಧನ ತಪ್ಪಿಸಿಕೊಂಡು ಭೂಗತರಾಗಿ ಕರ್ನಾಟಕದ ಚಳವಳಿಗೆ ಮಾರ್ಗದರ್ಶನ ನೀಡಿದರು. ಜೀವಹಾನಿ ಕೂಡದೆಂಬುದು ಅವರ ನಿಲುವಾಗಿತ್ತು. ಆ ತಿಂಗಳು ಹುಬ್ಬಳ್ಳಿಯಲ್ಲಿ ಬಾಲಕ ನಾರಾಯಣ ಡೋಣಿ ಗುಂಡಿಗೆ ಬಲಿಯಾದನು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಮೈಲಾರ ಮಹಾದೇವ ಹಾಗೂ ಇಬ್ಬರು ಸಂಗಡಿಗರು ಮಡಿದರು. ಹುಬ್ಬಳ್ಳಿ-ಹಾವೇರಿ ರೈಲು ಮಾರ್ಗದ ಮೇಲಿರುವ ಗುಡಗೇರಿಗೆ ಈ ಎರಡೂ ಸ್ಥಳಗಳು ದೂರದವಲ್ಲ. ಇಂಥ ಸುದ್ದಿಯನ್ನು ಪತ್ರಿಕೆಗಳು ಸ್ವತಂತ್ರವಾಗಿ ಬರೆಯಲು ಆಸ್ಪದವಿಲ್ಲದ ಕಾಲದಲ್ಲಿ ಜನರು ಗುಟ್ಟಾಗಿ ಕೈಯಿಂದ ಕೈಗೆ ಬರುವ ಕರಪತ್ರಗಳನ್ನು ನೆಚ್ಚಬೇಕಾಯಿತು. ಅವುಗಳ ಮೇಲೆ ಮುದ್ರಕರ ಹೆಸರಾಗಲಿ, ಸಂಪಾದಕರ ಹೆಸರಾಗಲಿ ಇರುವಂತಿರಲಿಲ್ಲ. ನಿಜ ಯಾವುದು, ವದಂತಿ ಯಾವುದು ಎಂದು ಓದುಗನು ಕೇಳುವುದಾದರೂ ಯಾರನ್ನು? ಪತ್ರಿಕೆಯ ಬಾಯಿ ಕಟ್ಟಿದಾಗ ಸ್ವಾತಂತ್ರ್ಯದ ಜೊತೆಗೆ ಹೊಣೆಗಾರಿಕೆಯೂ ಹೋಯಿತೆಂಬುದನ್ನು ಅಂದಿನ ಸರ್ಕಾರ ಗಮನಿಸಿದಂತೆ ತೋರುವುದಿಲ್ಲ. ಗಾಂಧೀಜಿಯವರ ಸಲಹೆಯ ಮೇರೆಗೆ 1944ರಲ್ಲಿ ದಿವಾಕರರು ತಾವಾಗಿಯೇ ಸರ್ಕಾರಕ್ಕೆ ಶರಣಾದರು.

ಸ್ವಾತಂತ್ರ್ಯಾನಂತರ ಶ್ರೀಯುತರು ಸಂವಿಧಾನ ಸಭೆಯ ಸದಸ್ಯರಾಗಿ, 1952ರವರೆಗೆ ವಾರ್ತಾ ಮತ್ತು ಪ್ರಸಾರ ಸಚಿವರಾಗಿ ಸೇವೆ ಸಲ್ಲಿಸಿದರು. ಅವರು ಸಚಿವರಾಗಿದ್ದಾಗಲೇ, 1951ರಲ್ಲಿ ಸಂವಿಧಾನದ ಮೊದಲನೆಯ ತಿದ್ದುಪಡಿ ಬಂದು, ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಕಾರಣಗಳಿಗಾಗಿ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಯುಕ್ತ ನಿರ್ಬಂಧ ಹೇರಲು ಅವಕಾಶವಾಯಿತು. ಪತ್ರಿಕಾ ಸಂಪಾದಕರು ಇದನ್ನು ವಿರೋಧಿಸಿದರು. ರಾಜದ್ರೋಹದ ಶಿಕ್ಷೆ ಅನುಭವಿಸಿದ ಸಂಪಾದಕರೊಬ್ಬರು ಆ ಸಂಪುಟದಲ್ಲಿದ್ದರೆಂಬುದು ವಿಚಾರಾರ್ಹವಾದ ಸಂಗತಿ. ತರುವಾಯ ಬಿಹಾರದ ರಾಜ್ಯಪಾಲರಾಗಿದ್ದು, 1962ರಲ್ಲಿ ರಾಜಾಜಿಯವರೊಡನೆ ಅಮೆರಿಕಕ್ಕೆ ತೆರಳಿ, ಅಣ್ವಸ್ತ್ರ ಪರೀಕ್ಷೆಗಳನ್ನು ನಿಲ್ಲಿಸುವಂತೆ ಅಧ್ಯಕ್ಷ ಕೆನೆಡಿಯವರಲ್ಲಿ ಮನವಿ ಮಾಡಿದರು. 1990ರ ಜನವರಿಯಲ್ಲಿ ನಿಧನರಾದರು.

1867ರ ಅಧಿನಿಯಮದ ಬದಲಿಗೆ 2023ರ ಪತ್ರಿಕಾ ಮತ್ತು ನಿಯತಕಾಲಿಕೆಗಳ ನೋಂದಣಿ ಅಧಿನಿಯಮವು 2024ರ ಮಾರ್ಚ್ 1ರಿಂದ ಜಾರಿಯಲ್ಲಿದ್ದು, ಅರ್ಜಿಗಳನ್ನು 'ಪ್ರೆಸ್ ಸೇವಾ' ಪೋರ್ಟಲ್ ಮೂಲಕ ಆನ್‌ಲೈನ್‌ನಲ್ಲಿಯೇ ಸಲ್ಲಿಸತಕ್ಕದ್ದು.