ಹಕ್ಕಿ ಎಣಿಸಲು ಕಲಿಸಿದ ಫ್ರಾಂಕ್ ಚಾಪ್‌ಮನ್

ಮಕ್ಕಳೇ, ಹಕ್ಕಿಗಳನ್ನು ನೋಡಲು ನೀವು ಎಲ್ಲಿಗೆ ಹೋಗುತ್ತೀರಿ? ಕಾಡಿಗೆ, ಕೆರೆಗೆ, ತೋಟಕ್ಕೆ ಎನ್ನುತ್ತೀರಿ ಅಲ್ಲವೇ? 1886ರಲ್ಲಿ ಅಮೆರಿಕದ ತರುಣರೊಬ್ಬರು ಹಕ್ಕಿ ನೋಡಲು ನ್ಯೂಯಾರ್ಕ್ ನಗರದ ಪೇಟೆಬೀದಿಗೆ ಹೋದರು. ಅವರು ನೋಡಿದ್ದು ಮರಗಳನ್ನಲ್ಲ, ಹೆಂಗಸರ ಟೋಪಿಗಳನ್ನು!

ಆಗ ಅಲ್ಲಿ ಟೋಪಿಗೆ ಹಕ್ಕಿಯ ಗರಿ ಸಿಕ್ಕಿಸಿಕೊಳ್ಳುವುದು ದೊಡ್ಡ ಶೋಕಿಯಾಗಿತ್ತು. ಕೆಲವು ಟೋಪಿಗಳ ಮೇಲೆ ಸತ್ತ ಹಕ್ಕಿಯನ್ನೇ ಕೂರಿಸಿರುತ್ತಿದ್ದರು. ಆ ತರುಣರು ಎರಡು ಸಲ ಬೀದಿ ಸುತ್ತಿ 700 ಟೋಪಿಗಳನ್ನು ಎಣಿಸಿದರು. ಅವುಗಳಲ್ಲಿ 542 ಟೋಪಿಗಳಲ್ಲಿ ಗರಿಗಳಿದ್ದವು! ಮರಕುಟಿಗ, ರೀವ, ಗೂಬೆ ಹೀಗೆ ಸುಮಾರು 40 ಬಗೆಯ ಹಕ್ಕಿಗಳನ್ನು ಅವರು ಗುರುತಿಸಿದರು. ಹಕ್ಕಿಗಳು ಎಷ್ಟು ಸಾಯುತ್ತಿವೆ ಎಂಬುದನ್ನು ಈ ಲೆಕ್ಕ ಜನರ ಕಣ್ಣಿಗೆ ತೋರಿಸಿತು. ಅವರೇ ಫ್ರಾಂಕ್ ಚಾಪ್‌ಮನ್.

ಬ್ಯಾಂಕಿನಿಂದ ವಸ್ತುಸಂಗ್ರಹಾಲಯಕ್ಕೆ

ಚಾಪ್‌ಮನ್ ಹುಟ್ಟಿದ್ದು 1864ರ ಜೂನ್ 12ರಂದು, ನ್ಯೂಜೆರ್ಸಿ ರಾಜ್ಯದಲ್ಲಿ. ಅವರು ಕಾಲೇಜಿಗೆ ಹೋಗಲಿಲ್ಲ. ಶಾಲೆ ಮುಗಿಸಿ ಬ್ಯಾಂಕಿಗೆ ಸೇರಿದರು. ಆದರೆ ಮನಸ್ಸೆಲ್ಲ ಹಕ್ಕಿಗಳ ಮೇಲೆ. ನಸುಕಿನಲ್ಲೇ ಎದ್ದು, ಹಕ್ಕಿ ನೋಡಿ, ಆಮೇಲೆ ರೈಲು ಹತ್ತಿ ಕೆಲಸಕ್ಕೆ ಹೋಗುತ್ತಿದ್ದರು. 1886ರಲ್ಲಿ ಬ್ಯಾಂಕಿನ ಕೆಲಸ ಬಿಟ್ಟರು. 1888ರಲ್ಲಿ ನ್ಯೂಯಾರ್ಕಿನ ಅಮೆರಿಕನ್ ನೈಸರ್ಗಿಕ ಇತಿಹಾಸ ವಸ್ತುಸಂಗ್ರಹಾಲಯ ಸೇರಿ, ಐವತ್ತು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ದುಡಿದರು.

ಬೆಳ್ಳಕ್ಕಿಗೆ ಚೆಂದದ ಗರಿ ಮೂಡುವುದು ಮರಿ ಮಾಡುವ ಕಾಲದಲ್ಲಿ. ಬೇಟೆಗಾರರು ಆಗಲೇ ಅವುಗಳನ್ನು ಕೊಲ್ಲುತ್ತಿದ್ದರು. ತಾಯಿ ಸತ್ತರೆ ಗೂಡಿನ ಮರಿಗಳ ಗತಿಯೇನು? ಯೋಚಿಸಿ. ಇದನ್ನು ತಡೆಯಲು ಚಾಪ್‌ಮನ್ ಬರೆದರು, ಭಾಷಣ ಮಾಡಿದರು. 1899ರಲ್ಲಿ ಹಕ್ಕಿಗಳಿಗಾಗಿಯೇ ಒಂದು ಪತ್ರಿಕೆ ಆರಂಭಿಸಿದರು.

ಬಂದೂಕಿನ ಬದಲು ಪೆನ್ಸಿಲು

ಕ್ರಿಸ್‌ಮಸ್ ದಿನ ಅಲ್ಲಿ ಇನ್ನೊಂದು ಕೆಟ್ಟ ರೂಢಿಯಿತ್ತು. ಜನ ಎರಡು ತಂಡವಾಗಿ ಬಂದೂಕು ಹಿಡಿದು ಹೊರಡುತ್ತಿದ್ದರು. ಹೆಚ್ಚು ಪ್ರಾಣಿ, ಪಕ್ಷಿ ಕೊಂದ ತಂಡ ಗೆದ್ದಂತೆ! ಈ ಪಂದ್ಯವನ್ನು ಬೈದರೆ ಸಾಲದು, ಬೇರೊಂದು ಆಟ ಕೊಡಬೇಕು ಎಂದು ಚಾಪ್‌ಮನ್‌ಗೆ ಅನಿಸಿತು. ಹಬ್ಬದ ದಿನ ಹಕ್ಕಿಗಳನ್ನು ಕೊಲ್ಲದೆ ಎಣಿಸಿ, ಪಟ್ಟಿ ಕಳಿಸಿ ಎಂದು 1900ರಲ್ಲಿ ಪತ್ರಿಕೆಯ ಮೂಲಕ ಕೇಳಿಕೊಂಡರು.

ಆ ಡಿಸೆಂಬರ್ 25ರಂದು 27 ಜನ 25 ಕಡೆ ಹಕ್ಕಿ ಎಣಿಸಿದರು. ನ್ಯೂಯಾರ್ಕ್ ನಗರದ ನಡುವಿನ ಸೆಂಟ್ರಲ್ ಪಾರ್ಕ್ ಅವುಗಳಲ್ಲೊಂದು. ಒಟ್ಟು ಸುಮಾರು 90 ಬಗೆಯ ಹಕ್ಕಿಗಳು ಸಿಕ್ಕವು. ಈ ಎಣಿಕೆ ಅಂದಿನಿಂದ ಪ್ರತಿವರ್ಷ ನಡೆದಿದೆ. ಈಗ 2,000ಕ್ಕೂ ಹೆಚ್ಚು ಕಡೆ ನಡೆಯುತ್ತದೆ.

ಎಣಿಸುವವರು ಹಕ್ಕಿಗಳ ಸಂಖ್ಯೆಯ ಜೊತೆಗೆ ಎಷ್ಟು ಜನ, ಎಷ್ಟು ಹೊತ್ತು ಎಣಿಸಿದರು ಎಂದೂ ಬರೆಯುತ್ತಾರೆ. ಏಕೆ ಗೊತ್ತೇ? ಈ ವರ್ಷ ನಾಲ್ವರು 40 ಗುಬ್ಬಿ ಕಂಡರು, ಮುಂದಿನ ವರ್ಷ ಎಂಟು ಜನ 80 ಗುಬ್ಬಿ ಕಂಡರು ಎನ್ನೋಣ. ಗುಬ್ಬಿಗಳು ಹೆಚ್ಚಿದವೋ, ಎಣಿಸುವ ಕಣ್ಣುಗಳು ಹೆಚ್ಚಿದವೋ? ಹೊತ್ತು, ಜನ ಬರೆದಿಟ್ಟರೆ ಮಾತ್ರ ಸರಿಯಾಗಿ ಹೋಲಿಸಬಹುದು. ಹೀಗೆ ಹೋಲಿಸಿಯೇ ವಿಜ್ಞಾನಿಗಳು ಯಾವ ಹಕ್ಕಿ ಕಡಿಮೆಯಾಗುತ್ತಿದೆ ಎಂದು ತಿಳಿಯುತ್ತಾರೆ. ಭೂಮಿಯ ಬಿಸಿ ಏರಿದಂತೆ ಅಲ್ಲಿನ ಅನೇಕ ಹಕ್ಕಿಗಳು ಚಳಿಗಾಲ ಕಳೆಯುವ ಜಾಗ ಉತ್ತರಕ್ಕೆ ಸರಿದಿರುವುದೂ ಈ ಪಟ್ಟಿಗಳಿಂದಲೇ ತಿಳಿಯಿತು.

ಚಾಪ್‌ಮನ್ 1945ರಲ್ಲಿ ತೀರಿಕೊಂಡರು. ಅವರು ಹಚ್ಚಿದ ಎಣಿಕೆಯ ಗೀಳು ನಮ್ಮಲ್ಲಿಗೂ ಬಂದಿದೆ. ಫೆಬ್ರವರಿಯಲ್ಲಿ ನಡೆಯುವ ಹಿತ್ತಲ ಹಕ್ಕಿ ಎಣಿಕೆ ಎಂಬ ಇನ್ನೊಂದು ಎಣಿಕೆಯಲ್ಲಿ 2013ರಿಂದ ಭಾರತವೂ ಸೇರಿದೆ. ಬೆಂಗಳೂರು, ಮೈಸೂರಿನ ಜನರೂ ಅದರಲ್ಲಿ ಭಾಗವಹಿಸುತ್ತಾರೆ.

ನೀವೂ ಮಾಡಿ ನೋಡಿ

ಬೆಳಿಗ್ಗೆ ಶಾಲೆಯ ಅಂಗಳದಲ್ಲಿ 15 ನಿಮಿಷ ಸದ್ದು ಮಾಡದೆ ನಿಲ್ಲಿ. ಕಾಗೆ, ಗೊರವಂಕ, ಪಿಕಳಾರ, ಹದ್ದು ಹೀಗೆ ಕಂಡ ಹಕ್ಕಿಯ ಹೆಸರು ಬರೆಯಿರಿ. ಒಂದೇ ಹಕ್ಕಿಯನ್ನು ಎರಡು ಸಲ ಎಣಿಸಬಾರದು. ಅದಕ್ಕಾಗಿ, ಒಂದು ಜಾತಿಯಲ್ಲಿ ಒಟ್ಟಿಗೆ ಕಂಡ ಅತಿ ಹೆಚ್ಚಿನ ಸಂಖ್ಯೆಯನ್ನಷ್ಟೇ ಬರೆಯಿರಿ. ಹೆಸರು ತಿಳಿಯದಿದ್ದರೆ ಬಣ್ಣ, ಕೊಕ್ಕು, ಬಾಲದ ಚಿತ್ರ ಬಿಡಿಸಿ ಗುರುಗಳನ್ನು ಕೇಳಿ. ಗೂಡಿನ ಹತ್ತಿರ ಹೋಗಬೇಡಿ. ತಾರೀಖು, ಹೊತ್ತು, ಎಷ್ಟು ಜನ ಎಣಿಸಿದಿರಿ ಎಂಬುದನ್ನು ಮರೆಯದೆ ಬರೆಯಿರಿ. ಪಟ್ಟಿಯನ್ನು ಜೋಪಾನವಾಗಿಡಿ. ಮುಂದಿನ ವರ್ಷ ಅದೇ ತಿಂಗಳು, ಅದೇ ಜಾಗದಲ್ಲಿ ಮತ್ತೆ ಎಣಿಸಬೇಕಲ್ಲವೇ?