ಶ್ರೀಮತಿ ತಾರಾಬಾಯಿ ಮೋಡಕ್ (1892-1973): ಮನೆಯಂಗಳಕ್ಕೆ ಬಂದ ಶಿಶುಶಿಕ್ಷಣ

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಹಾಗೂ ಮಸ್ಕಿ ಭಾಗದ ವಳಕಮದಿನ್ನಿ ಮುಂತಾದ ಗ್ರಾಮಗಳಿಂದ ಹಿಡಿದು ರಾಜ್ಯದ ಎಲ್ಲ ಊರುಗಳಲ್ಲಿಯೂ ಅಂಗನವಾಡಿ ಎಂಬ ಪದವು ಮನೆಮಾತಾಗಿದೆ. ಮಕ್ಕಳ ನೋಂದಣಿಗಾಗಿ ಕೇಂದ್ರಕ್ಕೆ ಬರುವ ಪೋಷಕರಲ್ಲಿ ಈ ಹೆಸರಿನ ಹಿಂದಿರುವ ಮಹಿಳೆಯ ಪರಿಚಯ ಇರುವವರು ವಿರಳ. ಚಿಕ್ಕ ಮಕ್ಕಳಿಗೆ ಆಟವೇ ಪಾಠವೆಂಬುದನ್ನು ಬಡವರ ಅಂಗಳದಲ್ಲಿ ಕಾರ್ಯರೂಪಕ್ಕೆ ತಂದ ಶ್ರೀಮತಿ ತಾರಾಬಾಯಿ ಮೋಡಕ್ ಅವರ ಜೀವನ ಹಾಗೂ ಕಾರ್ಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ:

ತಾರಾಬಾಯಿಯವರು ದಿನಾಂಕ 19-04-1892 ರಂದು ಮುಂಬಯಿಯಲ್ಲಿ ಜನಿಸಿದರು. ಇವರ ತವರು ಮನೆತನದ ಹೆಸರು ಕೇಳ್ಕರ್. ತಂದೆ-ತಾಯಿಯವರು ಪ್ರಾರ್ಥನಾ ಸಮಾಜದ ಅನುಯಾಯಿಗಳಾಗಿದ್ದರಿಂದ ಹೆಣ್ಣುಮಕ್ಕಳ ಓದಿಗೆ ಮನೆಯಲ್ಲಿ ಅಡ್ಡಿಯಿರಲಿಲ್ಲ. 1914 ರಲ್ಲಿ ಮುಂಬಯಿ ವಿಶ್ವವಿದ್ಯಾಲಯದಿಂದ ಪದವಿ ಪಡೆದರು. ಅಮರಾವತಿಯ ವಕೀಲರೊಬ್ಬರೊಡನೆ ಇವರ ವಿವಾಹವಾಯಿತು. ಆದರೆ ದಾಂಪತ್ಯವು ನೆಮ್ಮದಿ ತರಲಿಲ್ಲ. 1921 ರಲ್ಲಿ ಪತಿಯಿಂದ ಬೇರ್ಪಟ್ಟ ಇವರು ಪುಟ್ಟ ಮಗಳ ಹೊಣೆ ಹೊತ್ತು ರಾಜಕೋಟೆಯ ಮಹಿಳಾ ಕಾಲೇಜಿನ ಪ್ರಾಂಶುಪಾಲರಾಗಿ ಸೇವೆ ಸಲ್ಲಿಸಿದರು. ದುಡಿಯುವ ತಾಯಿಯ ಕಷ್ಟವನ್ನು ಇವರು ಸ್ವತಃ ಬಲ್ಲವರಾಗಿದ್ದರು.

ಭಾವನಗರದ ದಿನಗಳು:

ಇಟಲಿಯ ವೈದ್ಯೆ ಮರಿಯಾ ಮಾಂಟೆಸ್ಸರಿಯವರು 1907 ರಲ್ಲಿ ರೋಮ್ ನಗರದ ಕಾರ್ಮಿಕರ ಬಡಾವಣೆಯಲ್ಲಿ ಮೊದಲ ಮಕ್ಕಳ ಮನೆಯನ್ನು ತೆರೆದಿದ್ದರು. ಮಗುವು ತನ್ನ ಕೈಯಿಂದ ಮುಟ್ಟಿ, ಹಿಡಿದು, ಜೋಡಿಸಿ ತಾನಾಗಿ ಕಲಿಯುತ್ತದೆ ಎಂಬುದು ಅವರ ಪದ್ಧತಿಯ ತಿರುಳು. ವಕೀಲಿ ವೃತ್ತಿಯನ್ನು ಬಿಟ್ಟು ಬಂದ ಗಿಜುಭಾಯಿ ಬಧೇಕಾ ಅವರು (1885-1939) ಈ ಪದ್ಧತಿಗೆ ದೇಶೀಯ ಹಾಡು, ಕಥೆ ಮತ್ತು ಕುಣಿತಗಳನ್ನು ಬೆರೆಸಿ, 1920 ರಲ್ಲಿ ಗುಜರಾತಿನ ಭಾವನಗರದಲ್ಲಿ ಬಾಲಮಂದಿರವನ್ನು ಆರಂಭಿಸಿದರು. ತಾರಾಬಾಯಿಯವರು 1923 ರಲ್ಲಿ ಪ್ರಾಂಶುಪಾಲ ಹುದ್ದೆಯನ್ನು ತೊರೆದು ಗಿಜುಭಾಯಿಯವರೊಂದಿಗೆ ಸೇರಿದರು. 1926 ರಲ್ಲಿ ನೂತನ ಬಾಲ ಶಿಕ್ಷಣ ಸಂಘ ಸ್ಥಾಪನೆಗೊಂಡಿತು. 1936 ರಲ್ಲಿ ಇವರು ಮುಂಬಯಿಯ ದಾದರಿನಲ್ಲಿ ಶಿಶುವಿಹಾರವನ್ನು ಪ್ರಾರಂಭಿಸಿದರು.

ಬೋರ್ಡಿ ಗ್ರಾಮದ ಪ್ರಯೋಗ:

ನಗರದ ಶಿಶುವಿಹಾರವು ಅನುಕೂಲಸ್ಥರ ಮಕ್ಕಳಿಗೆ ಮಾತ್ರ ದೊರೆಯುತ್ತಿತ್ತು. ಆಟಿಕೆ ಮತ್ತು ಉಪಕರಣಗಳು ದುಬಾರಿಯಾಗಿದ್ದವು. ಈ ಶಿಕ್ಷಣವು ಹಳ್ಳಿಯ ಬಡ ಮಗುವಿಗೂ ದೊರೆಯಬೇಕೆಂದು ತಾರಾಬಾಯಿಯವರು 1945 ರಲ್ಲಿ, ತಮ್ಮ 53 ನೇ ವಯಸ್ಸಿನಲ್ಲಿ, ಮಹಾರಾಷ್ಟ್ರದ ಕಡಲತೀರದ ಬೋರ್ಡಿ ಗ್ರಾಮಕ್ಕೆ ತೆರಳಿ ಗ್ರಾಮ ಬಾಲಶಿಕ್ಷಣ ಕೇಂದ್ರವನ್ನು ಸ್ಥಾಪಿಸಿದರು. ಅಂದು ಠಾಣೆ ಜಿಲ್ಲೆಯಲ್ಲಿದ್ದ ಈ ಗ್ರಾಮವು 2014 ರಿಂದ ಪಾಲ್ಘರ್ ಜಿಲ್ಲೆಗೆ ಸೇರಿದೆ. ಶ್ರೀಮತಿ ಅನುತಾಯಿ ವಾಘ್ (1910-1992) ಇಲ್ಲಿಂದ ಇವರ ಸಹವರ್ತಿಯಾದರು. ದುಬಾರಿ ಉಪಕರಣಗಳ ಬದಲು ಕಪ್ಪೆಚಿಪ್ಪು, ಬೆಣಚುಕಲ್ಲು, ಎಲೆ, ಹೂವು, ಬೀಜ ಮೊದಲಾದವು ಆಟದ ಸಾಮಗ್ರಿಗಳಾದವು.

ಆದರೂ ಆದಿವಾಸಿ ಹಾಡಿಗಳ ಮಕ್ಕಳು ಬಾಲವಾಡಿಗೆ ಬರಲಿಲ್ಲ. ತಂದೆ-ತಾಯಿ ಕೂಲಿಗೆ ಹೋದರೆ ಹಿರಿಯ ಮಗಳು ಕಂಕುಳಲ್ಲಿ ಕೂಸನ್ನು ಎತ್ತಿಕೊಂಡು ಮನೆ ಕಾಯಬೇಕಿತ್ತು. ಹುಡುಗರು ದನ ಮೇಯಿಸಲು ಹೋಗುತ್ತಿದ್ದರು. ಇದನ್ನು ಪೋಷಕರ ಉದಾಸೀನವೆಂದು ತಾರಾಬಾಯಿಯವರು ಭಾವಿಸಲಿಲ್ಲ. ಮಗುವು ಶಾಲೆಗೆ ಬರಲಾಗದಿದ್ದಲ್ಲಿ ಶಾಲೆಯೇ ಮಗುವಿದ್ದಲ್ಲಿಗೆ ಹೋಗಬೇಕೆಂದು ನಿರ್ಧರಿಸಿದರು. ಶಿಕ್ಷಕಿಯರು ಹಾಡಿಗಳಿಗೆ ಹೋಗಿ, ಮನೆಯ ಮುಂದಿನ ಅಂಗಳದಲ್ಲಿಯೇ ಮಕ್ಕಳನ್ನು ಸೇರಿಸಿ ಹಾಡು, ಆಟ ಮತ್ತು ಕಥೆಗಳನ್ನು ನಡೆಸಿದರು. ಮನೆಯವರ ಕೆಲಸದ ವೇಳೆಗೆ ಹೊಂದುವಂತೆ ಸಮಯವನ್ನು ಸಡಿಲಗೊಳಿಸಲಾಯಿತು. ಅಂಗಳದ ಈ ಬಾಲವಾಡಿಯೇ ಅಂಗನವಾಡಿ. ದನಗಾಹಿ ಮಕ್ಕಳಿಗಾಗಿ ಹುಲ್ಲುಗಾವಲಿನಲ್ಲಿಯೇ ಶಾಲೆ ನಡೆಯಿತು.

ವಿಕಾಸವಾಡಿ:

1957 ರಲ್ಲಿ ಕೇಂದ್ರವು ಸಮೀಪದ ಕೋಸಬಾಡ್ ಗುಡ್ಡಕ್ಕೆ ಸ್ಥಳಾಂತರಗೊಂಡಿತು. ಇಲ್ಲಿ ಶಿಶುಪಾಲನಾ ಕೇಂದ್ರ, ಬಾಲವಾಡಿ ಮತ್ತು ಪ್ರಾಥಮಿಕ ಶಾಲೆಗಳನ್ನು ಒಂದೇ ಆವರಣಕ್ಕೆ ತರಲಾಯಿತು. ಇದಕ್ಕೆ ವಿಕಾಸವಾಡಿ ಎಂದು ಹೆಸರು. ಅಕ್ಕನು ತಮ್ಮನನ್ನು ತೊಟ್ಟಿಲ ಮನೆಯಲ್ಲಿ ಬಿಟ್ಟು ಪಕ್ಕದ ತರಗತಿಯಲ್ಲಿ ಕುಳಿತುಕೊಳ್ಳಬಹುದಾಗಿತ್ತು. ಹೀಗೆ ಕೂಸಿನ ಪಾಲನೆಯ ವ್ಯವಸ್ಥೆಯಿಂದ ಹೆಣ್ಣುಮಗುವಿನ ಶಾಲೆಯ ಬಾಗಿಲು ತೆರೆಯಿತು.

ಗೌರವ ಮತ್ತು ನಿಧನ:

ಭಾರತ ಸರ್ಕಾರವು 1962 ರಲ್ಲಿ ಇವರಿಗೆ ಪದ್ಮಭೂಷಣ ಪ್ರಶಸ್ತಿಯನ್ನು ನೀಡಿ ಗೌರವಿಸಿತು. ಇವರು ದಿನಾಂಕ 31-08-1973 ರಂದು ನಿಧನರಾದರು. ಎರಡು ವರ್ಷಗಳ ನಂತರ, 02-10-1975 ರಂದು, ದೇಶದ 33 ಯೋಜನಾ ಕ್ಷೇತ್ರಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಪ್ರಾರಂಭವಾದಾಗ ಅದರ ಕೇಂದ್ರಗಳಿಗೆ ಅಂಗನವಾಡಿ ಎಂಬ ಹೆಸರೇ ನಿಂತಿತು. ಕರ್ನಾಟಕದಲ್ಲಿ ಅಂದು ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ 100 ಅಂಗನವಾಡಿಗಳೊಂದಿಗೆ ಯೋಜನೆ ಆರಂಭಗೊಂಡಿತು.

ಚಿಕ್ಕ ಮಕ್ಕಳ ಆಟದ ಕಾರ್ಯಕ್ರಮಕ್ಕೆ ಇವರ ಕಾರ್ಯದಿಂದ ದೊರೆಯುವ ಮಾರ್ಗದರ್ಶನ:

ಹುಟ್ಟಿನಿಂದ 3 ವರ್ಷದವರೆಗಿನ ಮಕ್ಕಳಿಗಾಗಿ ನವಚೇತನ ಹಾಗೂ 3 ರಿಂದ 6 ವರ್ಷದವರಿಗಾಗಿ ಆಧಾರಶಿಲಾ ಎಂಬ ರಾಷ್ಟ್ರೀಯ ಚೌಕಟ್ಟುಗಳನ್ನು 2024 ರಲ್ಲಿ ಹೊರತರಲಾಯಿತು. ರಾಜ್ಯದಲ್ಲಿ 2023-24 ನೇ ಸಾಲಿನಲ್ಲಿ ಗ್ರಾಮ ಪಂಚಾಯತಿಗಳ ಮೂಲಕ ಕೂಸಿನ ಮನೆಗಳು ಆರಂಭಗೊಂಡವು. ಇಂತಹ ಕೇಂದ್ರಗಳಲ್ಲಿ 1 ರಿಂದ 3 ವರ್ಷದ ಮಕ್ಕಳಿಗೆ ದಿನದ ಚಟುವಟಿಕೆಗಳನ್ನು ಯೋಜಿಸುವಾಗ ಈ ಕೆಳಕಂಡ ಅಂಶಗಳನ್ನು ಗಮನಿಸುವುದು.

1. ವೇಳೆ: ಕೇಂದ್ರದ ಸಮಯವು ತಾಯಂದಿರ ದುಡಿಮೆಗೆ ಹೊಂದುವಂತಿರಬೇಕು. ನಾಟಿ, ಕಳೆ ಮತ್ತು ಹತ್ತಿ ಬಿಡಿಸುವ ಕಾಲದಲ್ಲಿ ಇದು ಹೆಚ್ಚು ಅವಶ್ಯಕ.

2. ಸಾಮಗ್ರಿ: ಬುಟ್ಟಿ, ಮೊರ, ಲೋಟ, ಬಟ್ಟೆಯ ಗೊಂಬೆ, ಮಣ್ಣು ಮತ್ತು ನೀರು ಸಾಕು. ಬೀಜ, ಮಣಿ, ಸಣ್ಣ ಕಲ್ಲುಗಳು 3 ವರ್ಷದೊಳಗಿನವರ ಗಂಟಲಿನಲ್ಲಿ ಸಿಲುಕುವ ಅಪಾಯವಿರುವುದರಿಂದ ಅವುಗಳನ್ನು ಕೊಡಬಾರದು. ನೀರಾಟದ ವೇಳೆ ಮಗುವನ್ನು ಒಂಟಿಯಾಗಿ ಬಿಡಬಾರದು.

3. ಚಟುವಟಿಕೆ: ಈ ವಯಸ್ಸಿನ ಮಗುವಿನ ಗಮನ ಒಂದೆಡೆ ನಿಲ್ಲುವುದು ಕೆಲವೇ ನಿಮಿಷ. ಆದುದರಿಂದ ಹಾಡು, ತುಂಬಿಸಿ-ಸುರಿಯುವ ಆಟ, ಹತ್ತಿ-ಇಳಿಯುವ ಆಟಗಳನ್ನು ಬದಲಾಯಿಸುತ್ತಿರಬೇಕು. ಮಗುವು ಒಂದೇ ಆಟವನ್ನು ಮತ್ತೆ ಮತ್ತೆ ಆಡಬಯಸಿದಲ್ಲಿ ತಡೆಯಬಾರದು.

4. ಮಾತು: ಉಣಿಸುವಾಗ, ಕೈಕಾಲು ತೊಳೆಯುವಾಗ, ಮಲಗಿಸುವಾಗ ಮಗುವಿನ ಮನೆಮಾತಿನಲ್ಲಿಯೇ ಮಾತನಾಡಿಸಬೇಕು. ಜೋಗುಳ, ಶಿಶುಪ್ರಾಸಗಳನ್ನು ಬಲ್ಲ ಅಜ್ಜಿಯರನ್ನು ಕೇಂದ್ರಕ್ಕೆ ಕರೆಯಬಹುದು.

5. ಬರವಣಿಗೆ: ಈ ವಯಸ್ಸಿನಲ್ಲಿ ಅಕ್ಷರ ತಿದ್ದಿಸುವ ಒತ್ತಾಯ ಸಲ್ಲದು.

ಪೋಷಕರ ಗಮನಕ್ಕೆ:

ಮಗುವಿನ ನೋಂದಣಿಗಾಗಿ ತಮ್ಮ ವ್ಯಾಪ್ತಿಯ ಅಂಗನವಾಡಿ ಕಾರ್ಯಕರ್ತೆಯರನ್ನು ಭೇಟಿಯಾಗುವುದು. ನೋಂದಣಿಗೆ ಶುಲ್ಕವಿರುವುದಿಲ್ಲ. ಹೆಚ್ಚಿನ ಮಾಹಿತಿಗಾಗಿ ವಲಯ ಮೇಲ್ವಿಚಾರಕಿಯರನ್ನು ಅಥವಾ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳನ್ನು ಸಂಪರ್ಕಿಸಬಹುದು. ಕೂಲಿಗೆ ಹೋಗುವ ಕುಟುಂಬದಲ್ಲಿ ಕೂಸನ್ನು ನೋಡಿಕೊಳ್ಳಲು ಹಿರಿಯ ಮಗಳನ್ನು ಶಾಲೆ ಬಿಡಿಸುವ ಮುನ್ನ ಕೇಂದ್ರದಲ್ಲಿ ಒಮ್ಮೆ ವಿಚಾರಿಸುವಂತೆ ಪೋಷಕರನ್ನು ಕೋರಲಾಗಿದೆ.